ಧೃತಿಯ ಇನ್ನೊಂದು ಪಕ್ಕ

"ಹರ್ಷಿ, ಆ ಏಳನೇ ನಂಬರ್ ಹುಡುಗೀನ ಬಿಡಬ್ಯಾಡ... ಕಾಲ್ ಅಡ್ಡ ಹಾಕು, ಕೆಡವು ಆಕೀನ!"

ಡೆಟ್ರಾಯಿಟ್ ಹೊರವಲಯದ ಆ ಸಾಕರ್ ಮೈದಾನದಲ್ಲಿ, ಮಡಚುವ ಕುರ್ಚಿಗಳಲ್ಲಿ ಕೂತ ಅಷ್ಟೊಂದು ಅಮೆರಿಕನ್ ಅಪ್ಪ-ಅಮ್ಮಂದಿರ ನಡುವೆ ಈ ಮಾತು ಕಿವಿಗೆ ಬಿದ್ದಾಗ ಪದ್ಮಜಾ ಬೆಚ್ಚಿಬಿದ್ದಳು.

ಮ್ಯಾಚ್ ನಡೆಯುವಾಗ ಅಪ್ಪ-ಅಮ್ಮಂದಿರು ಮಕ್ಕಳಿಗೆ ಆಟ ಹೇಳಿಕೊಡಬಾರದು ಅನ್ನುವುದು ಅಲ್ಲಿನ ನಿಯಮ. ಕನ್ನಡದಲ್ಲಿ ಕೂಗಿದರೆ ಇಲ್ಲಿ ಯಾರಿಗೆ ತಿಳಿದೀತು ಎಂದು ಆ ಮನುಷ್ಯ ಆರಾಮಾಗಿ ಕೂಗಿದ್ದ. ಏಳನೇ ನಂಬರ್ ಹುಡುಗಿಯ ಹೆತ್ತಮ್ಮ ತನ್ನಿಂದ ನಾಲ್ಕು ಕುರ್ಚಿ ಆಚೆ ಕೂತಿದ್ದಾಳೆ ಎಂದು ಅವನಿಗೇನು ಗೊತ್ತು?

ಹರ್ಷಿ ಎನ್ನುವ ಆ ಹುಡುಗಿ ಅಪ್ಪನ ಮಾತನ್ನು ಚಾಚೂತಪ್ಪದೆ ಪಾಲಿಸಿದಳು. ಪದ್ಮಜಾಳ ಮಗಳು ಧೃತಿ ಮುಗ್ಗರಿಸಿ ಬಿದ್ದಳು.

ಪದ್ಮಜಾ ಎದ್ದು ನೇರ ಅವನ ಮುಂದೆ ಹೋಗಿ ನಿಂತಳು.

"ನೀವು ಹೇಳಿದ್ದು ನನಗೆ ಪೂರ್ತಿ ಅರ್ಥ ಆಯ್ತು. ಏಳನೇ ನಂಬರ್ ನನ್ನ ಮಗಳು."

ಅವನ ಮುಖ ನೋಡಬೇಕಿತ್ತು! ಕೈಯಲ್ಲಿದ್ದ ಕಾಫಿ ತುಳುಕಿ ಶರ್ಟಿನ ಮೇಲೆ ಚೆಲ್ಲಿತು. "ಅಯ್ಯ... ನೀವು ಕನ್ನಡದವ್ರೇನ್ರಿ?"

"ಕನ್ನಡದವಳಲ್ಲದಿದ್ರೆ ನನ್ನ ಮಗಳನ್ನ ಕೆಡವಬಹುದಿತ್ತಾ?"

ಅವನು ತಲೆ ತಗ್ಗಿಸಿ ನಿಂತ. ಮ್ಯಾಚ್ ಮುಗಿದ ಮೇಲೆ ಐಸ್ ಪ್ಯಾಕ್ ಹಿಡಿದು ತಾನೇ ಬಂದ. ಆನ್ ಆರ್ಬರ್‌ನಲ್ಲಿ ಮಕ್ಕಳ ಡಾಕ್ಟರಂತೆ, ಹೆಸರು ಸ್ವರೂಪ, ಊರು ಗದಗ. ಹುಲ್ಲಿನ ಮೇಲೆ ಕೂತು ಧೃತಿಯ ಮೊಣಕಾಲು ಮುಟ್ಟಿ ನೋಡಿ, ಏನೂ ಆಗಿಲ್ಲ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ಹದಿನಾರರ ಆ ಹುಡುಗಿಯ ಎದುರು ಮನಸಾರೆ ಕ್ಷಮೆ ಕೇಳಿದ. ಇಷ್ಟು ದೊಡ್ಡವರು ಮಕ್ಕಳ ಹತ್ತಿರ ಹೀಗೆ ಕ್ಷಮೆ ಕೇಳುವುದನ್ನು ಪದ್ಮಜಾ ನೋಡಿರಲಿಲ್ಲ. ಅವಳ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಅವಳ ಸಿಟ್ಟಿಗೂ ಕಾರಣವಿತ್ತು, ಪಾಪ.

ಪದ್ಮಜಾಳ ಗಂಡ ಪ್ರಸನ್ನ ಮೈಸೂರಿನವನು. ಮಗಳು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಧೃತಿಯನ್ನು ದೊಡ್ಡದೊಂದು ಸಾಕರ್ ಕ್ಲಬ್ಬಿಗೆ ಸೇರಿಸಿದ್ದವನು ಅವನೇ. ಅವನು ಹೋದ ಮೇಲೆ ಪದ್ಮಜಾ ಮನೆಯಲ್ಲಿ ಎಷ್ಟೋ ಬದಲಾಯಿಸಿದಳು, ಕ್ಲಬ್ ಒಂದನ್ನು ಮಾತ್ರ ಬಿಡಲಿಲ್ಲ. ಡೆಟ್ರಾಯಿಟ್‌ನಿಂದ ನಾಲ್ಕೈದು ಗಂಟೆ ದಾರಿಯ ಇಟಾಸ್ಕಾದಲ್ಲಿದ್ದ ಆಫೀಸಿನಿಂದ ಓಡಿ ಬಂದು, ವೆಸ್ಟ್‌ಮಂಟ್‌ನ ಮನೆಯಿಂದ ಮಗಳನ್ನು ಹತ್ತಿಸಿಕೊಂಡು ಪ್ರಾಕ್ಟೀಸಿಗೆ ಡ್ರೈವ್ ಮಾಡುತ್ತಿದ್ದಳು. ಧೃತಿಯ ಊಟ, ಹೋಮ್‌ವರ್ಕ್, ನಿದ್ದೆ ಎಲ್ಲ ಕಾರಿನ ಹಿಂದಿನ ಸೀಟಿನಲ್ಲೇ. ಗೆಳತಿಯರ ಬರ್ತ್‌ಡೇ ತಪ್ಪಿತು, ಕನ್ನಡ ಕೂಟದ ಯುಗಾದಿ ತಪ್ಪಿತು. ಕೆಮಿಸ್ಟ್ರಿ ಟೆಸ್ಟಿಗೆ ಅವಳು ಓದಿದ್ದು ಯಾವುದೋ ಹೋಟೆಲಿನ ಲಾಬಿಯಲ್ಲಿ.

ರಾತ್ರಿ ಮಲಗುವ ಮೊದಲು ಪದ್ಮಜಾ ಗಂಡನ ಫೋಟೋ ಮುಂದೆ ನಿಂತು, ಅವಳ ಆಟ ನಿಲ್ಲಲು ಬಿಡಲ್ಲ ಕಣ್ರೀ ಎನ್ನುತ್ತಿದ್ದಳು. ಅದೊಂದೇ ಮಾತು ಅವಳನ್ನು ಬದುಕಿಸಿಟ್ಟಿತ್ತು.

ಸ್ವರೂಪನದೂ ಒಂಟಿ ಬಾಳೇ. ವಿಚ್ಛೇದನವಾಗಿ ವರ್ಷಗಳಾಗಿದ್ದವು, ಮಗಳು ಹರ್ಷಿತಾ ಅವನ ಜೊತೆಗಿದ್ದಳು. ಎರಡೂ ಕ್ಲಬ್ಬುಗಳು ಒಂದೇ ಲೀಗಿನವು. ಒಂದು ವಾರಾಂತ್ಯ ಇವರು ಅಲ್ಲಿ, ಇನ್ನೊಂದು ವಾರಾಂತ್ಯ ಅವರು ಇಲ್ಲಿ. ಮೈದಾನದಲ್ಲಿ ಕಾಲಿಗೆ ಕಾಲು ಕೊಟ್ಟ ಹುಡುಗಿಯರು ಹೊರಗೆ ಜೀವದ ಗೆಳತಿಯರಾದರು. ಇವರಿಬ್ಬರ ಕುರ್ಚಿಗಳೂ ಯಾವಾಗ ಅಕ್ಕಪಕ್ಕಕ್ಕೆ ಬಂದವೋ ಇಬ್ಬರಿಗೂ ತಿಳಿಯಲಿಲ್ಲ.

ಆಫೀಸಿನಿಂದ ಮನೆಗೆ ಬರುವಾಗ ಅವಳು ಅವನಿಗೆ ಫೋನ್ ಮಾಡುವಳು. ಮಾತಿನಲ್ಲಿ ಮುಳುಗಿ ಹೆದ್ದಾರಿಯಿಂದ ಇಳಿಯಬೇಕಾದ ತನ್ನ ಎಕ್ಸಿಟ್ ದಾಟಿ ಮುಂದೆ ಹೋದದ್ದೂ ಉಂಟು. ನಲವತ್ತು ದಾಟಿದ ಹೆಂಗಸು ಕಾರಿನಲ್ಲಿ ಒಬ್ಬಳೇ ನಗುವುದನ್ನು ಪಕ್ಕದ ಲೇನಿನವರು ಏನೆಂದುಕೊಂಡರೋ!

ಚಳಿಗಾಲದ ಒಂದು ಟೂರ್ನಮೆಂಟಿನಲ್ಲಿ, ಹೊರಗೆ ಹಿಮ ಸುರಿಯುತ್ತಿರುವಾಗ, ಸ್ವರೂಪ ಮೆಲ್ಲಗೆ ಹೇಳಿಯೇಬಿಟ್ಟ.

"ಪದ್ಮಜಾ ಅವರ, ಇನ್ನು ಮುಂದ ನಿಮ್ಮ ಜೋಡಿ ಇರಬೇಕನಸ್ತದ ನನಗ."

ಒಪ್ಪಿಕೊಂಡರೆ ಪ್ರಸನ್ನನನ್ನು ಬಿಟ್ಟುಕೊಟ್ಟ ಹಾಗಾಗುತ್ತದಾ?... ಸ್ವಲ್ಪ ಟೈಮ್ ಕೊಡಿ ಎಂದು ಕೇಳಿಕೊಂಡಳು. ಅವನು ನಕ್ಕು ತಲೆಯಾಡಿಸಿದ.

ಆ ಟೈಮೇ ಮುಳುವಾಯಿತು ನೋಡಿ.

ಮಾರ್ಚ್ ಬಂತು. ಹೈಸ್ಕೂಲು ಹುಡುಗಿಯರ ಸಾಕರ್ ಶುರುವಾಗುವ ಕಾಲ. ಕ್ಲಬ್ಬಿನ ನಿಯಮವೋ ಕಡಾಖಂಡಿತ: ಸೀಸನ್ ನಡುವೆ ಸ್ಕೂಲ್ ಟೀಮಿಗೆ ಆಡುವಂತಿಲ್ಲ. ಧೃತಿಯ ಗೆಳತಿಯರೆಲ್ಲ ಆ ಟೀಮಿನಲ್ಲಿದ್ದರು. ಅವಳು ಅಂಗಲಾಚಿದಳು. ಪದ್ಮಜಾ ಬೇಡವೇ ಬೇಡ ಎಂದಳು. ಹುಡುಗಿ ಊಟ ಬಿಟ್ಟಳು, ಮಾತು ಬಿಟ್ಟಳು. ಕೊನೆಗೆ ತಾಯಿಯ ಕರುಳು ಸೋತು, ಒಂದೇ ಒಂದು ಮ್ಯಾಚ್, ಯಾರಿಗೂ ತಿಳಿಯಬಾರದು ಎಂದು ಒಪ್ಪಿಕೊಂಡಳು. ಗುಟ್ಟನ್ನು ಸ್ವರೂಪನೊಬ್ಬನಿಗೆ ಮಾತ್ರ ಹೇಳಿದಳು.

ಅದೇ ವಾರ ಕ್ಲಬ್ಬಿನಿಂದ ಈಮೇಲ್ ಬಂತು. ನಿಯಮ ಮುರಿದದ್ದಕ್ಕೆ ಧೃತಿಯನ್ನು ತಂಡದಿಂದ ತೆಗೆದಿದ್ದರು. ಲೀಗಿನ ಬೇಸಿಗೆಯ ದೊಡ್ಡ ಕ್ಯಾಂಪಿನಲ್ಲಿ ಅವಳಿಗೆಂದು ಇದ್ದ ಜಾಗ ಹರ್ಷಿತಾಳಿಗೆ ಹೋಯಿತು.

ಪದ್ಮಜಾಳಿಗೆ ಕಣ್ಣು ಕತ್ತಲೆ ಬಂದಂತಾಯಿತು. ಗೊತ್ತಿದ್ದದ್ದು ಅವನೊಬ್ಬನಿಗೆ! ಮಗಳಿಗೋಸ್ಕರ ಹೀಗೆ ಮಾಡಿದನಾ? ನಾನು ಇಂಥವನನ್ನು ನಂಬಿದೆನಾ?

ಫೋನಿನಲ್ಲಿ ಬಾಯಿಗೆ ಬಂದಂತೆ ಅಂದಳು. ಪ್ರಸನ್ನನ ಕನಸನ್ನು ಕಾಲಲ್ಲಿ ಹೊಸಕಿದಿರಿ ಎಂದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ.

"ನಾ ಹೇಳಿಲ್ಲ ಅಂದ್ರ ನಂಬ್ತೀರೇನ್ರಿ?"

"ಇಲ್ಲ."



"ಹಂಗಾದ್ರ ಬಿಡ್ರಿ," ಎಂದ. ಅಷ್ಟೇ. ಅವಳು ಆ ನಂಬರ್ ಬ್ಲಾಕ್ ಮಾಡಿದಳು.

ಆಮೇಲಿನ ದಿನಗಳನ್ನು ಹೇಗೆ ಹೇಳುವುದು? ಕ್ಲಬ್ ಬಿಟ್ಟ ಧೃತಿ ಸ್ಕೂಲ್ ಟೀಮ್ ಸೇರಿದಳು. ಮನೆಯಲ್ಲಿ ಓದಿದಳು, ಹಾಸಿಗೆಯ ಮೇಲೆ ಮಲಗಿದಳು. ಆದರೆ ಪದ್ಮಜಾ ಅವಳ ಒಂದು ಮ್ಯಾಚಿಗೂ ಹೋಗಲಿಲ್ಲ. ಕರೆದುಕೊಂಡು ಬರಲು ಹೋದರೂ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಗಾಜು ಏರಿಸಿ ಕೂರುತ್ತಿದ್ದಳು. ಅಲ್ಲಿಗೂ ಮಕ್ಕಳ ಕೇಕೆ ಕೇಳಿಸುತ್ತಿತ್ತು. ಗಂಡನ ಫೋಟೋ ಮುಂದೆ ನಿಲ್ಲುವುದನ್ನೂ ನಿಲ್ಲಿಸಿದಳು. ಯಾವ ಮುಖ ಇಟ್ಟುಕೊಂಡು ನಿಲ್ಲುವುದು?

ರಸ್ತೆಯಲ್ಲಿ ಸ್ವರೂಪನಿದ್ದ ಮಿಷಿಗನ್ ರಾಜ್ಯದ ನಂಬರ್ ಪ್ಲೇಟ್ ಕಂಡರೆ ಜೀವ ಝಲ್ಲೆನ್ನುತ್ತಿತ್ತು. ಮೋಸ ಮಾಡಿದವನನ್ನು ದ್ವೇಷಿಸಬೇಕು ತಾನೆ? ದ್ವೇಷ ಬರುತ್ತಿರಲಿಲ್ಲ. ಅಳು ಬರುತ್ತಿತ್ತು. ಸೋತುಹೋಗಿದ್ದಳು ಅವಳು.

ಹೀಗೇ ಮರುವರ್ಷದ ಮೇ ತಿಂಗಳು ಬಂತು. ಧೃತಿ ಈಗ ಹನ್ನೆರಡನೇ ಗ್ರೇಡು. ಸ್ಕೂಲ್ ಟೀಮಿನಲ್ಲಿ ಅವಳ ಕಡೆಯ ಸೀಸನ್.

ಒಂದು ಸಂಜೆ ಪದ್ಮಜಾ ಚಪಾತಿ ಹಿಟ್ಟು ನಾದುತ್ತಿದ್ದಾಗ ಮಗಳು ಬಂದು ನಿಂತಳು. ಮುಂದಿನ ಮಂಗಳವಾರ ಸೀನಿಯರ್ ನೈಟ್. ಶಾಲೆ ಮುಗಿಸುವ ಆಟಗಾರ್ತಿಯರನ್ನು ಮ್ಯಾಚಿಗೆ ಮೊದಲು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುತ್ತಾರೆ. ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ಅಪ್ಪ, ನಡುವೆ ಮಗಳು, ಹಾಗೆ ಮೈದಾನದ ನಡುವಿನವರೆಗೆ ನಡೆಯಬೇಕು. ಅಪ್ಪ ಇಲ್ಲದವರ ಜೊತೆ ಅಜ್ಜನೋ ಮಾವನೋ ನಡೆಯುತ್ತಾರೆ.

ಪದ್ಮಜಾಳ ಕೈ ನಿಂತಿತು. ಆ ಪಕ್ಕದಲ್ಲಿ ಯಾರಿರಬೇಕು ಅಂದುಕೊಂಡಿದ್ದೀಯ ಎಂದು ಕೇಳಿದಳು.

"ಸ್ವರೂಪ ಅಂಕಲ್."

"ಆ ಹೆಸರು ಎತ್ತಬೇಡ. ನಿನ್ನನ್ನ ಕ್ಲಬ್ಬಿಂದ ಹೊರಗೆ ಹಾಕಿಸಿದವನು ನಿನ್ನ ಅಪ್ಪನ ಜಾಗದಲ್ಲಿ ನಡೀಬೇಕಾ?"

ಧೃತಿ ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಅವತ್ತು ತಡವರಿಸುತ್ತಾ ಕನ್ನಡದಲ್ಲಿ ಹೇಳಿದಳು.

"ಅಂಕಲ್ ಹೇಳಿಲ್ಲ ಅಮ್ಮ. ಕೋಚ್‌ಗೆ ನಾನೇ ಹೇಳಿದ್ದು."

ಪದ್ಮಜಾ ಕುರ್ಚಿ ಎಳೆದು ಕೂತಳು.

ಹುಡುಗಿ ಬಿಕ್ಕುತ್ತಾ ಎಲ್ಲವನ್ನೂ ಬಿಚ್ಚಿಟ್ಟಳು. ಆ ಒಂದು ಮ್ಯಾಚಿನಲ್ಲಿ, ಎಷ್ಟೋ ವರ್ಷಗಳ ಮೇಲೆ, ಆಡುವಾಗ ನಕ್ಕಿದ್ದಳಂತೆ. ಕ್ಲಬ್ ಸಾಕು ಎಂದು ಅಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಅಮ್ಮ ಫೋಟೋ ಮುಂದೆ ನಿಂತು ಆಡುವ ಮಾತು ದಿನಾ ಕೇಳಿಸುತ್ತಿತ್ತು. ತಾನಾಗಿ ಬಿಟ್ಟರೆ ಅಮ್ಮನ ಪಾಲಿಗೆ ಅಪ್ಪ ಇನ್ನೊಂದು ಸಲ ಸತ್ತ ಹಾಗೆ. ಅವರೇ ತೆಗೆದುಹಾಕಿದರೆ ಯಾರ ತಪ್ಪೂ ಅಲ್ಲ... ಹಾಗಂದುಕೊಂಡು ಕೋಚ್ ಹತ್ತಿರ ಹೋಗಿ ತಾನೇ ತಪ್ಪೊಪ್ಪಿಕೊಂಡಿದ್ದಳು. ಆಮೇಲೆ ಹೆದರಿ ಸ್ವರೂಪನಿಗೆ ಫೋನ್ ಮಾಡಿ ಅತ್ತಿದ್ದಳು. ಅಮ್ಮನಿಗೆ ನಾನೇ ಹೇಳುತ್ತೇನೆ, ನೀವು ಹೇಳಬೇಡಿ ಎಂದು ಮಾತು ತೆಗೆದುಕೊಂಡಿದ್ದಳು.

ಅಮ್ಮ ಅಂಕಲ್ ಮೇಲೆ ಹರಿಹಾಯುವುದನ್ನು ಕೇಳಿದ ಮೇಲೆ ಅವಳ ಧೈರ್ಯವೆಲ್ಲ ಉಡುಗಿಹೋಯಿತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ವರ್ಷ ಕಳೆಯಿತು.

"ಅಪ್ಪ ಒಂದು ದಿನಾನೂ ಗೆದ್ಯಾ ಅಂತ ಕೇಳ್ತಿರಲಿಲ್ಲ ಅಮ್ಮ," ಎಂದಳು ಕೊನೆಗೆ. "ಖುಷಿ ಆಯ್ತಾ ಅಂತ ಕೇಳ್ತಿದ್ರು."

ಪದ್ಮಜಾ ಹಿಟ್ಟಿನ ಕೈಯಲ್ಲೇ ಮಗಳನ್ನು ತಬ್ಬಿಕೊಂಡು ಅತ್ತಳು. ಎಷ್ಟು ಅತ್ತಳೆಂದರೆ, ಗಂಡ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ. ಮಗಳ ಖುಷಿಯನ್ನು ತಾನು ನೋಡಲೇ ಇಲ್ಲ. ನಿಜ ಹೇಳಿದವನನ್ನು ನಂಬಲಿಲ್ಲ.

ಶನಿವಾರ ಬೆಳಿಗ್ಗೆ ಯಾರಿಗೂ ಫೋನ್ ಮಾಡದೆ ಆನ್ ಆರ್ಬರ್ ಕಡೆಗೆ ಹೊರಟಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಳು, ಅಳಿಸಿಹಾಕಿದಳು. ಬಾಗಿಲು ಮುಖಕ್ಕೇ ಹಾಕಿದರೆ?... ಹಾಕಲಿ. ಅನ್ನಿಸಿಕೊಳ್ಳುವುದು ನನ್ನ ಸರದಿ.

ಬಾಗಿಲು ತೆರೆದವಳು ಹರ್ಷಿತಾ. ಮೊದಲಾಗಿದ್ದರೆ ಆಂಟಿ ಎಂದು ಕುತ್ತಿಗೆಗೆ ಜೋತುಬೀಳುತ್ತಿದ್ದ ಹುಡುಗಿ, ಬರೀ ತಲೆಯಾಡಿಸಿ ಅಪ್ಪನನ್ನು ಕರೆಯಲು ಒಳಗೆ ಹೋದಳು. ಪದ್ಮಜಾಳಿಗೆ ಅದು ಚುಚ್ಚಿತು.

ಸ್ವರೂಪ ಹೊರಗೆ ಬಂದ. ಸೊರಗಿದ್ದ. ಕೂದಲು ಬೆಳ್ಳಗಾಗಿತ್ತು. ಅವಳು ಜೋಡಿಸಿಟ್ಟಿದ್ದ ಮಾತೆಲ್ಲ ಮರೆತೇಹೋಯಿತು.

"ಧೃತಿ ಹೇಳಿದಳು," ಎಂದಳು. "ಎಲ್ಲಾ ಹೇಳಿದಳು."

ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. "ಛಲೋ ಆತು. ಕೂಸಿನ ಎದಿ ಮ್ಯಾಲಿನ ಭಾರ ಇಳೀತು."

"ನಿಮ್ಮ ಎದೆ ಮೇಲೆ ನಾನು ಹೇರಿದ್ದು? ಯಾಕೆ ಸುಮ್ಮನಿದ್ರಿ? ಒಂದು ಮಾತು, ಒಂದೇ ಒಂದು ಮಾತು ಹೇಳಿದ್ರೆ..."

"ಮಾತು ಕೊಟ್ಟಿದ್ದೆ."

"ನಾನು ಹೋದರೂ ಪರವಾಗಿಲ್ಲ ಅನ್ನಿಸಿತಾ?"

ಸ್ವರೂಪ ಮೆಟ್ಟಿಲ ಮೇಲೆ ಕೂತ. ಅವಳೂ ತುಸು ದೂರದಲ್ಲಿ ಕೂತಳು.

"ಪರವಾಗಿಲ್ಲ ಅಂತ ಹೆಂಗ ಅನಸ್ತದರಿ? ಆದ್ರ ನೀವ ವಿಚಾರ ಮಾಡ್ರಿ. ನಾ ಹೋದ್ರ ನಿಮಗ ಮಗಳು ಇರ್ತಿದ್ಲು. ಆಗಿನ ಸಿಟ್ಟಿನಾಗ ನೀವು ಆಕೀನ್ನ ದೂರ ಮಾಡಿದ್ರ, ಆ ಕೂಸಿಗೆ ಯಾರಿದ್ರು?"

ಪದ್ಮಜಾ ಮುಖ ಮುಚ್ಚಿಕೊಂಡಳು. ಹೀಗೂ ಒಬ್ಬ ಮನುಷ್ಯ ಪ್ರೀತಿಸಬಹುದಾ? ಬೆರಳ ಸಂದಿಯಿಂದ ಕಣ್ಣೀರು ಇಳಿಯಿತು. ಅವನು ಅವಳ ಪಕ್ಕಕ್ಕೆ ಸರಿದು ಕೂತ.

ಕಣ್ಣೊರೆಸಿಕೊಂಡು ಅವಳು ಸೀನಿಯರ್ ನೈಟಿನ ವಿಷಯ ಹೇಳಿದಳು. ಧೃತಿ ಕೇಳಿದ್ದನ್ನೂ ಹೇಳಿದಳು.

ಅವನು ಅವಳ ಕಡೆ ತಿರುಗಿದ. "ಅದು ಪ್ರಸನ್ನ ಅವರ ಜಾಗಾ ಅಲ್ಲೇನ್ರಿ?"

"ಹೌದು. ಅವರನ್ನ ನಾನು ಮರೆಯಲ್ಲ. ಮರೆಯೋಕೆ ಆಗಲ್ಲ."

"ಮರೀರಿ ಅಂತ ನಾ ಯಾವತ್ತೂ ಕೇಳಂಗಿಲ್ಲ."

"ಗೊತ್ತು. ಅದಕ್ಕೇ ನಿಮ್ಮನ್ನ ಕರೀತಿರೋದು." ಅವಳು ಅವನ ಕೈ ಹಿಡಿದುಕೊಂಡಳು.

"ನೀವು ಏನು ಹೇಳ್ತೀರಿ ಪದ್ಮಜಾ? ಮಗಳ ಮಾತು ಕೇಳಿದೆ. ನಿಮ್ಮದೇನ್ರಿ?" ಎಂದು ಅವನು ಕೇಳಿದ.

"ಬನ್ನಿ ಸ್ವರೂಪ. ಅವಳ ಜೊತೆ ನಡೀರಿ." ಅವಳು ಅವನ ಕೈ ಬಿಡಲಿಲ್ಲ. "ಮ್ಯಾಚ್ ಮುಗಿದ ಮೇಲೂ... ಹೋಗಬೇಡಿ."

"ಹೋಗೂದಿಲ್ಲ," ಎಂದ ಅವನು.