ಬಸುರಿಯ ಕಣ್ಣು

"ಅತ್ತೆ, ಮಾವನನ್ನ ಕೊಂದವಳು ನಾನೇ. ನನ್ನನ್ನ ತವರಿಗೆ ಕಳಿಸಿಬಿಡಿ," ಎನ್ನುತ್ತಾ ಏಳು ತಿಂಗಳ ಬಸುರಿ ಯೆಸೆನಿಯಾ ಬಾಗಿಲಲ್ಲೇ ಕುಸಿದಳು.

ದೋನ್ಯಾ ತೊಮಾಸಾ ಎಸ್ಮೆರಾಲ್ದಾಸ್ ಪ್ರಾಂತದ ಪೊಲೀಸಿನಲ್ಲಿ ಕೂದಲು ನರೆಸಿಕೊಂಡು, ಈಗ ಒಡಹುಟ್ಟಿದ ತಮ್ಮ, ಯೆಸೆನಿಯಾಳ ಮಾವ ಎಲಿಸೆಯೋ ಅವರ ಮನೆಯಲ್ಲಿ ನೆಲೆಸಿದ್ದವರು. ದನ ಮೇದು ಬೋಳಾದ ಹೊಳೆದಂಡೆಯಲ್ಲಿ ಮತ್ತೆ ಕಾಡು ಎಬ್ಬಿಸುತ್ತೇವೆಂದು ಹಟ ಹಿಡಿದ ಮನೆ ಅದು. ಗಿಡ ನೆಡಲು ರಾಜಧಾನಿ ಕೀಟೋದಿಂದ ಸ್ವಯಂಸೇವಕಿಯಾಗಿ ಬಂದ ಸಲೋಮೆ, ತೊಮಾಸಾರ ಬಾಲವಾಗಿ ಅಲ್ಲೇ ಉಳಿದುಬಿಟ್ಟಿದ್ದಳು.

ಹಿಂದಿನ ದಿನ ಎಲಿಸೆಯೋ ಸತ್ತರು, ಹಾವು ಕಚ್ಚಿತೆಂದರು. ಸಸಿಮಡಿಯಿಂದ ಹೊತ್ತು ತಂದವರು ಅವರ ಮಗ, ಯೆಸೆನಿಯಾಳ ಗಂಡ ಫೌಸ್ತೊ ಮತ್ತು ಆಳು ನೆಪ್ತಾಲಿ. ಹಾವು ಕಚ್ಚಿದವನ ಮೇಲೆ ಬಸುರಿಯ ಕಣ್ಣು ಬಿದ್ದರೆ ವಿಷ ಏರುತ್ತದೆಂಬುದು ಆ ಹೊಳೆಸಾಲಿನಲ್ಲಿ ಹಸುಗೂಸಿಗೂ ಗೊತ್ತು. ಯೆಸೆನಿಯಾ ಮಾವನ ಬಾಯಿಗೆ ನೀರು ಬಿಟ್ಟಳು, ಅವರು ಕಣ್ಣು ಮುಚ್ಚಿದರು. ಆಗಿನಿಂದ ನೆರೆಯವರ ಗುಸುಗುಸು ನಿಂತಿರಲಿಲ್ಲ. ಇವಳು ಅನ್ನ ಮುಟ್ಟಿರಲಿಲ್ಲ.

"ಒಳಗೆ ಯಾಕೆ ಹೋದೆ, ಮಗಳೇ?" ತೊಮಾಸಾ ಕೇಳಿದರು.

ನೆಪ್ತಾಲಿ ಬಾಗಿಲಿಗೆ ಅಡ್ಡ ನಿಂತು ಬರಬೇಡ ಎಂದನಂತೆ. ಗಂಡ ಒಳಗಿನಿಂದ ನೀರು ತಾ ಎಂದು ಕೂಗಿದನಂತೆ, ಹೋದಳಂತೆ. ಹೋದ ತಿಂಗಳು ಇನ್ನೊಬ್ಬ ಆಳಿಗೆ ಕಚ್ಚಿದಾಗ ಎಲ್ಲಿದ್ದೆ ಎಂದರೆ, "ಅಡುಗೆಮನೆಯಲ್ಲಿ. ಫೌಸ್ತೊನೇ ಹೊರಗಿನಿಂದ ಚಿಲಕ ಹಾಕಿದ್ದ," ಎಂದಳು.

ತೊಮಾಸಾ ಎದ್ದು ಹೆಣದ ಬಳಿ ಹೋದರು. ಮೊಣಕಾಲ ಕೆಳಗೆ ಎರಡು ಚುಕ್ಕೆಗಳಿದ್ದವು, ಕಾಲು ಮಾತ್ರ ಒಂದಿಷ್ಟೂ ಊದಿರಲಿಲ್ಲ. ತುಟಿಯಂಚಿನಲ್ಲಿ ನೊರೆ ಒಣಗಿತ್ತು. ಅವರು ಆ ದಿನ ತೊಟ್ಟಿದ್ದ ಮೊಣಕಾಲುದ್ದದ ರಬ್ಬರ್ ಬೂಟನ್ನು ಬೆಳಕಿಗೆ ಹಿಡಿದು ನೋಡಿದರು, ಎಲ್ಲೂ ತೂತಿರಲಿಲ್ಲ. ಸಲೋಮೆಗೆ ನೆಪ್ತಾಲಿಯ ಮೇಲೆಯೇ ಗುಮಾನಿ, ಸತ್ತ ದಿನ ಬೆಳಿಗ್ಗೆಯಷ್ಟೇ ಅವನು ಯಜಮಾನರ ಜತೆ ಜಗಳವಾಡಿದ್ದ. ತೊಮಾಸಾ ಆ ಬೆಳಿಗ್ಗೆ ಸಸಿಮಡಿಗೆ ಕಾಫಿ ಒಯ್ದವರು ಯಾರೆಂದು ಮಾತ್ರ ವಿಚಾರಿಸಿದರು. ಫೌಸ್ತೊ ಎಂದು ಗೊತ್ತಾಯಿತು.

ಮಣ್ಣು ಮಾಡಿ ಬಂದು ಎಲ್ಲರೂ ಜಗುಲಿಯಲ್ಲಿ ಕೂತಾಗ ತೊಮಾಸಾ ಬಾಯಿ ಬಿಟ್ಟರು. ಬೂಟು ತೂರದೆ ಹಾವು ಕಾಲಿಗೆ ಕಚ್ಚುವುದಿಲ್ಲ, ಕಚ್ಚಿದರೆ ಕಾಲು ಕಂಬದಂತೆ ಊದುತ್ತದೆ. ತುಟಿಯ ನೊರೆ ನೋಡಿದರೆ ಇದು ಇರುವೆಗೆ ಹಾಕುವ ವಿಷ, ಕಾಫಿಯಲ್ಲಿ ಹೋಗಿದೆ. ಆಮೇಲೆ ಬೂಟು ಕಳಚಿ ತಾಳೆಮುಳ್ಳಿನಿಂದ ಚುಚ್ಚಿದ್ದಾರೆ.

"ನೆಪ್ತಾಲಿ ಹಾವೆಂದೇ ನಂಬಿದ್ದ, ಅದಕ್ಕೇ ಬಸುರಿಯನ್ನ ತಡೆದ. ಹೋದ ತಿಂಗಳು ಹೆಂಡತಿಯನ್ನ ಕೂಡಿಹಾಕಿದವನು ಈ ಸಲ ತಾನೇ ಕರೆದ. ಯಾಕಪ್ಪಾ ಫೌಸ್ತೊ? ಹಾವಲ್ಲ ಅಂತ ನಿನಗೊಬ್ಬನಿಗೇ ಗೊತ್ತಿತ್ತು."

ಎಲಿಸೆಯೋ ನೆಲವನ್ನು ಯಾರೂ ಮಾರದಂತೆ ಕಾಡಿಗೇ ಬರೆದಿಡಲು ಹೊರಟಿದ್ದು, ಆ ನೆಲ ಕೊಳ್ಳಲು ತಾಳೆತೋಟದವರು ಫೌಸ್ತೊನ ಬೆನ್ನು ಬಿದ್ದಿದ್ದು ಊರಿಗೆಲ್ಲ ಗೊತ್ತಿತ್ತು.

"ಅಪ್ಪ ನೀರು ನೀರು ಅಂತಿದ್ರು, ಅತ್ತೆ. ಕೇಳೋಕಾಗಲಿಲ್ಲ," ಎಂದಷ್ಟೇ ಹೇಳಿದ ಫೌಸ್ತೊ.

"ನಿನ್ನೆ ಇಡೀ ರಾತ್ರಿ ನಾನು ಅಳ್ತಾ ಇದ್ದೆನಲ್ಲ," ಯೆಸೆನಿಯಾ ಗಂಡನಿಗೆ ಮೆಲ್ಲಗೆ ಹೇಳಿದಳು. "ನೀನು ಪಕ್ಕದಲ್ಲೇ ಮಲಗಿದ್ದೆ. ನಿನ್ನ ತಪ್ಪಲ್ಲ ಅಂತ ಒಂದು ಮಾತು ಅನ್ನಲಿಲ್ಲ ನೀನು."

ಪೊಲೀಸರಿಗೆ ಒಪ್ಪಿಸಲು ಫೌಸ್ತೊನನ್ನು ದೋಣಿ ಹತ್ತಿಸಿದರು. ಸಲೋಮೆ, ಇನ್ನು ಇವಳ ಮೇಲಿನ ಅಪವಾದ ತೊಲಗಿತಲ್ಲ ಎಂದುಕೊಂಡು ಯೆಸೆನಿಯಾಳ ಭುಜ ಹಿಡಿದು, ನಿನ್ನದೇನೂ ತಪ್ಪಿರಲಿಲ್ಲ ಎಂದಳು.

ಯೆಸೆನಿಯಾ ತೊಮಾಸಾರ ಕಡೆ ತಿರುಗಿದಳು.

"ನನ್ನ ಕಣ್ಣೇ ಕೊಂದಿದ್ರೆ ಚೆನ್ನಾಗಿತ್ತು, ಅತ್ತೆ."