ಸೀಟಿ ಊದಿದರೂ ಯಾರೂ ಇಳಿಯದ ಕೆರೆ

ಕೆರೆ ಏರಿಯ ಮೇಲೆ ಕ್ಯಾಮೆರಾಗೆ ನಗುತ್ತ ನೀರಿನ ಬಾಟಲಿ ಹಂಚುತ್ತಿದ್ದವನ ಮುಂದೆ ಮೇಘನಾ ಒಂದು ಚೊಂಬು ಹಿಡಿದಳು.

"ಇದು ನಮ್ಮ ಕೆರೆ ನೀರು. ನೀವು ಕುಡೀರಿ, ಫೋಟೊ ನಾನು ತೆಗಿತೀನಿ."

ಅವನು ಮಹಾಂತೇಶ್, ಶಿಕಾರಿಪುರದವನು. ಕೆರೆಗೆ ಬರುವ ಹಳ್ಳದ ಮೇಲ್ಗಡೆ ಇರುವ, ಮೆಕ್ಕೆಜೋಳದ ಹಿಟ್ಟು ತೆಗೆಯುವ ಕಾರ್ಖಾನೆಯ ಪಿಆರ್‌ಓ, ಅಂದರೆ ಜನರಿಗೂ ಪೇಪರಿನವರಿಗೂ ಕಂಪನಿಯ ಪರ ಮಾತಾಡುವವನು. ಮಳೆಗಾಲದಲ್ಲಿ ಕಾರ್ಖಾನೆಯ ಕೊಳಕು ನೀರು ಸೊರಬದ ಉಳವಿ ಕಡೆಯ ಈ ಕೆರೆಗೆ ನುಗ್ಗಿ, ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದ್ದವು. ಕಂಪನಿ ಮಾತ್ರ ತನಗೇನೂ ಗೊತ್ತಿಲ್ಲ ಎನ್ನುತ್ತಿತ್ತು.

ಮಹಾಂತೇಶ್ ಚೊಂಬನ್ನು ಮೂಗಿನ ಹತ್ತಿರ ತಂದು ಕೆಳಗಿಟ್ಟ.

"ಕುಡಿಯಾಕ ಆಗಂಗಿಲ್ರೀ. ನಾರ್ತೈತಿ."

ಅಬ್ಬಾ, ಕಂಪನಿಯವನ ಬಾಯಲ್ಲಿ ಒಂದು ನಿಜ! ಸಿಟ್ಟಿನಲ್ಲಿ ಬಂದವಳು ಚೊಂಬು ಎತ್ತಿಕೊಂಡು, ಅವನ ಮುಖವನ್ನು ಇನ್ನೊಮ್ಮೆ ನೋಡಿ ಹೋದಳು.

ಆಮೇಲೆ ಅವನು ಕ್ಯಾಮೆರಾ ಇಲ್ಲದೆಯೂ ಬರತೊಡಗಿದ. ನೆಪಕ್ಕೆ ನೀರಿನ ಟ್ಯಾಂಕರ್ ಇರುತ್ತಿತ್ತು, ಕಣ್ಣು ಇವಳನ್ನು ಹುಡುಕುತ್ತಿತ್ತು. ಊರಿಗೆಲ್ಲ ಅರ್ಥವಾದ ಮೇಲೆ ಇವರಿಬ್ಬರಿಗೆ ಅರ್ಥವಾಯಿತು ಅನ್ನಿ.

ಒಂದು ಸಂಜೆ ಅವಳು ಕೆರೆ ಬೇಟೆಯ ಕಥೆ ಹೇಳಿದಳು. ಬೇಸಿಗೆಯಲ್ಲಿ ನೀರು ಇಳಿದಾಗ ಊರಿಗೆ ಊರೇ ಕೂಣಿ ಎಂಬ ಮೀನು ಹಿಡಿಯುವ ಬಿದಿರ ಬುಟ್ಟಿ ಹಿಡಿದು ಏರಿಯ ಮೇಲೆ ಸಾಲಾಗಿ ನಿಲ್ಲುವುದು, ಪೂಜೆಯಾಗಿ ಸೀಟಿ ಬಿದ್ದೊಡನೆ ಎಲ್ಲರೂ ಒಟ್ಟಿಗೆ ನೀರಿಗೆ ಧುಮುಕುವುದು, ಅಲ್ಲಿಯವರೆಗೆ ಯಾರೂ ಬಲೆ ಹಾಕದಂತೆ ಅವಳ ಅಪ್ಪ ರಾಜಪ್ಪ, ಕೆರೆ ಸಮಿತಿಯ ಅಧ್ಯಕ್ಷ, ಕಾವಲು ಕಾಯುವುದು... ಅವನು ಕಣ್ಣರಳಿಸಿ ಕೇಳಿದ.

ಹತ್ತು ದಿನ ಕಳೆದಿರಲಿಲ್ಲ, ಪೇಪರಿನಲ್ಲಿ ಕಂಪನಿಯ ಸ್ಪಷ್ಟನೆ ಬಂತು. ಕೆರೆ ಬೇಟೆಗೆಂದು ಗ್ರಾಮಸ್ಥರೇ ವಿಷ ಹಾಕಿದ್ದರಿಂದ ಮೀನು ಸತ್ತಿವೆಯಂತೆ! ಕೆಳಗೆ ಹೆಸರು, ಮಹಾಂತೇಶ್.

ಕಂಪನಿಯ ದೂರಿನ ಮೇಲೆ ಸೊರಬದ ಪೊಲೀಸರು ರಾಜಪ್ಪನನ್ನು ಠಾಣೆಗೆ ಕರೆಸಿದರು. ಮರಿ ಮೀನಿಗೆ ಕೈ ಹಚ್ಚಲು ಬಿಡದ ಮನುಷ್ಯ, ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ.

'ನಂಬಿ ಹೇಳಿದ್ದನ್ನೇ ನನ್ನಪ್ಪನ ಮೇಲೆ ತಿರುಗಿಸಿದನಲ್ಲ...' ಮೇಘನಾ ಅತ್ತಳು. ಅವನ ಫೋನ್ ಎತ್ತಲೇ ಇಲ್ಲ.

ಕಂಪನಿಗೆ ಅಷ್ಟಕ್ಕೇ ಸಮಾಧಾನವಿರಲಿಲ್ಲ. ನೀರು ಚೊಕ್ಕ ಇದೆಯೆಂದು ತೋರಿಸಲು, ಕೆರೆ ತುಂಬಿರುವ ಕಾಲದಲ್ಲಿ ತಾನೇ ಕೆರೆ ಬೇಟೆ ಏರ್ಪಡಿಸಿತು. ಬ್ಯಾನರು, ಟೀ ಶರ್ಟು, ಟಿವಿಯವರು, ಎಲ್ಲ ಬಂದರು. ಸೀಟಿಗೆ ಮೊದಲು ಪೂಜೆ ಬೇಕೆಂಬುದೂ ಗೊತ್ತಿಲ್ಲದ ದೊಡ್ಡ ಸಾಹೇಬರು ಜೋರಾಗಿ ಸೀಟಿ ಊದಿದರು.

ಏರಿಯ ತುಂಬ ಜನ. ಒಬ್ಬರೂ ಇಳಿಯಲಿಲ್ಲ. ಸಾಹೇಬರು ಮತ್ತೆ ಊದಿದರು. ಗಂಡಸರು ಕೈ ಕಟ್ಟಿ ನಿಂತೇ ಇದ್ದರು.

ಆಗ ಮಹಾಂತೇಶ್ ಮೈಕ್ ಹಿಡಿದ.

"ಯಾರೂ ವಿಷ ಹಾಕಿಲ್ಲ. ನಮ್ಮ ಕಾರ್ಖಾನಿ ಹೊಲಸು ನೀರಿನ ಹೊಂಡ ಒಡದಿದ್ದು. ಈ ಜನ ಕೆರೀನ ಎಷ್ಟು ಜ್ವಾಪಾನ ಮಾಡ್ತಾರ ಅಂತ ನಾನು ಆಫೀಸಿಗೆ ಬರ್ದಿದ್ದೆ. ಅದನ್ನ ತಿರುಚಿ, ಕೆಳಗ ನನ್ನ ಹೆಸರು ಹಾಕಿದ್ರು. ಪೇಪರ್ ನೋಡಿದ ದಿನಾನೇ ಹೇಳಬೇಕಿತ್ತು. ಕೆಲಸ ಹೋಗ್ತೈತಿ ಅಂತ ಹೆದರಿದೆ."

ಸಾಹೇಬರು ಮೈಕ್ ಕಿತ್ತುಕೊಂಡರು. ಆದರೆ ಅವನು ಹೇಳಿದ್ದು ಟಿವಿಗೆ ಸೇರಿಯಾಗಿತ್ತು.

ವಾರದೊಳಗೆ ಕಂಪನಿ ತಪ್ಪೊಪ್ಪಿತು, ಕೆರೆ ಸ್ವಚ್ಛ ಮಾಡಿಸುವುದಾಗಿ ಬರೆದುಕೊಟ್ಟಿತು. ರಾಜಪ್ಪನ ಮೇಲಿನ ದೂರನ್ನೂ ವಾಪಸ್ ಪಡೆಯಿತು. ಸೊರಬದ ಠಾಣೆಯಲ್ಲಿ ಕೊನೆಯ ಸಹಿ ಹಾಕಿ ಹೊರಗೆ ಬಂದ ರಾಜಪ್ಪ, ಎಷ್ಟೋ ದಿನದ ಮೇಲೆ ತಾನಾಗಿಯೇ ಚಹಾ ಬೇಕೆಂದ. ಎದುರಿನ ಅಂಗಡಿಗೆ ಹೋಗಿ ಕೂತ. ಮೇಘನಾಳ ಎದೆ ಹಗುರಾಯಿತು.

ಹೇಳಿಕೆ ಕೊಡಲು ಬಂದಿದ್ದ ಮಹಾಂತೇಶ್ ಗೇಟಿನ ಹತ್ತಿರ ನಿಂತಿದ್ದ. ಅವಳೇ ಅವನ ಬಳಿ ಹೋದಳು.

"ಕೆಲಸ ಹೋಯ್ತಂತೆ?"

"ಹೋತು. ಸೋದರಮಾವನ ಅಂಗಡಿ ಐತಿ, ಏನಾರ ಮಾಡ್ತೀನಿ." ಅವನು ತಲೆ ತಗ್ಗಿಸಿದ. "ಅವ್ವಗ ನಿಮ್ಮ ವಿಷಯ ಹೇಳೀನಿ."

"ಎಂತ ಅಂದ್ರು?"

"ಮೊದ್ಲು ಆ ಹುಡುಗಿ ಅಪ್ಪನ ಕಾಲಿಗೆ ಬಿದ್ದು ತಪ್ಪಾತು ಅನ್ನು, ಉಳಿದದ್ದು ಆಮ್ಯಾಲೆ ಅಂದ್ಲು."

ಮೇಘನಾ ಚಹಾ ಅಂಗಡಿಯ ಕಡೆ ನೋಡಿದಳು. ಅವಳ ಅಪ್ಪ ಎರಡನೇ ಲೋಟ ಹಿಡಿದು, ಪಕ್ಕದವರೊಂದಿಗೆ ನಗುತ್ತಿದ್ದ.

"ಅಪ್ಪ ಅಲ್ಲೇ ಇದಾರೆ. ಹೋಗಿ ಕೇಳಿ."

"ಉಳಿದದ್ದು?"

ಕಣ್ಣೊರೆಸಿಕೊಳ್ಳುತ್ತಲೇ ಅವಳು ನಕ್ಕಳು.

"ಅದನ್ನ ನನ್ನ ಹತ್ರ ಕೇಳಿ. ಹೂಂ ಅಂತೀನಿ."