ಒಂಬತ್ತು ಚುಕ್ಕಿಯ ಚೀಟಿ

“ಲಾಕ್ ಹೇಳ್ರಿ ಮೇಡಂ.”

“ಯಾಕೆ ಹೇಳ್ಬೇಕು?”

ನ್ಯಾಮತಿ ಬಸ್ ಸ್ಟ್ಯಾಂಡಿನ ಎದುರಿನ ಆ ಪುಟ್ಟ ಮೊಬೈಲ್ ಅಂಗಡಿಯಲ್ಲಿ ಅಲ್ಲಿಯತನಕ ಯಾರೂ ಹಾಗೆ ಕೇಳಿರಲಿಲ್ಲ. ಕೆಂಚೇಶ ತಲೆಯೆತ್ತಿದ. ಹೆಗಲಿಗೆ ಬ್ಯಾಗು, ಕೈಯಲ್ಲಿ ಲ್ಯಾಬಿನ ಬಿಳಿ ಕೋಟು, ಮೂಗಿನ ತುದಿಯಲ್ಲಿ ಸಿಟ್ಟು. ಯಾರಪ್ಪಾ ಇವಳು!

“ನಿಮ್ಮಣ್ಣ ನಿನ್ನೆ ನಿಮಗಂತ ಹೊಸಾ ಫೋನು ತಗಂಡು, ನಿಮ್ ಹಳೇದೂ ಇಲ್ಲೇ ಕೊಟ್ಟು ಹೋಗ್ಯಾರೆ. ಹೊಸದನ್ನ ನಿನ್ನೇನೇ ರೆಡಿ ಮಾಡಿಟ್ಟೀನಿ. ಹಳೇದ್ರಾಗಿನ ಫೋಟೋ, ನಂಬರು ಹಾಕ್ಬೇಕಲ್ರೀ. ಲಾಕ್ ತೆಗೀದೆ ಹೆಂಗೆ ಮಾಡಾಕೆ ಆಗ್ತೈತೆ?”

ಅವನು ಒಂದು ಚೀಟಿ ಮುಂದೆ ತಳ್ಳಿದ. ಅದರಲ್ಲಿ ಒಂಬತ್ತು ಚುಕ್ಕಿ. ಗಿರಾಕಿಗಳು ತಮ್ಮ ಲಾಕಿನ ಗೆರೆಯನ್ನು ಅದರ ಮೇಲೆ ಎಳೆದುಕೊಡಬೇಕು, ಅವನು ಅದನ್ನು ಫೋನಿನ ಬೆನ್ನಿಗೆ ಸುತ್ತಿಡುತ್ತಿದ್ದ. ಅವನ ಹಿಂದಿನ ಹಲಗೆಯ ಮೇಲೆ ಅರ್ಧ ನ್ಯಾಮತಿಯ ಬೀಗದ ಕೈಗಳು ರಬ್ಬರ್ ಬ್ಯಾಂಡಿನಲ್ಲಿ ಬಿಗಿದುಕೊಂಡು ಬಿದ್ದಿದ್ದವು!

ಗಂಗೋತ್ರಿ ಎಡಗೈ ಅಡ್ಡ ಹಿಡಿದು, ಯಾರಿಗೂ ಕಾಣದಂತೆ ಗೆರೆ ಎಳೆದಳು.

ಕೆಂಚೇಶನಿಗೆ ನಗು ತಡೆಯಲಾಗಲಿಲ್ಲ. “ಪರೀಕ್ಷೆ ಹಾಲ್‌ನಾಗೆ ನನ್ ಮುಂದೆ ಕುಂತಿದ್ದೋಳು ಹಿಂಗೇ ಮುಚ್ಕಂಡು ಬರೀತಿದ್ಲು ನೋಡ್ರಿ. ಅವಳ ದೆಸೆಯಿಂದ್ಲೇ ನಾನು ಫೇಲಾಗಿದ್ದು!”

ನಗಬಾರದು ಅಂದುಕೊಂಡವಳು ನಕ್ಕೇಬಿಟ್ಟಳು. “ಕೆಲಸ ಆದ್ಮೇಲೆ ಚೀಟಿ ನನ್ ಕೈಗೇ ಕೊಡ್ಬೇಕು.”

ಅವನು ಕೊಟ್ಟ. ನಾಲ್ಕಾಗಿ ಮಡಚಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಚೀಟಿ ವಾಪಸ್ ಕೊಟ್ಟವನನ್ನು ನಂಬದೆ ಇನ್ಯಾರನ್ನು ನಂಬುವುದು? ಅವಳು ನಂಬಿದಳು.

ಗಂಗೋತ್ರಿ ಬಿಳಿಚೋಡು ಎಂಬ ಊರಿನವಳು. ನ್ಯಾಮತಿಯ ರಕ್ತಪರೀಕ್ಷೆ ಲ್ಯಾಬೊಂದರಲ್ಲಿ ಗೆಳತಿ ನಾಗರತ್ನಳ ಜೊತೆ ಅವಳಿಗೆ ಕೆಲಸ, ಇರಲು ಒಂದು ಬಾಡಿಗೆ ರೂಮು. ಮನೆಯಲ್ಲಿ ಎರಡು ವರ್ಷ ಹಟ ಹಿಡಿದು ಗಿಟ್ಟಿಸಿಕೊಂಡ ಬದುಕು ಅದು. ಅಣ್ಣ ಗುರುಸ್ವಾಮಿ ಒಪ್ಪಿದ್ದು ಒಂದೇ ಮಾತಿನ ಮೇಲೆ: ಲ್ಯಾಬು, ರೂಮು, ಊರು. ನಾಲ್ಕನೇ ಜಾಗ ಇರಕೂಡದು.

ಆದರೆ ಪ್ರೀತಿ ನಾಲ್ಕನೇ ಜಾಗದಲ್ಲೇ ಹುಟ್ಟಿತಲ್ಲ!

ಮೊದಲು ಚಾರ್ಜರ್ ಕೆಟ್ಟಿತು. ಆಮೇಲೆ ಇಯರ್‌ಫೋನ್ ಕೆಟ್ಟಿತು. ಆಮೇಲೆ ಏನೂ ಕೆಡದಿದ್ದರೂ ಹೋದಳು. ಲ್ಯಾಬಿಗೆ ವಾರಕ್ಕೊಂದು ಮಧ್ಯಾಹ್ನ ಬಿಡುವು. ಕೆಂಚೇಶ ಶಟರ್ ಎಳೆಯುತ್ತಿದ್ದ, ಇಬ್ಬರೂ ಬೈಕಿನಲ್ಲಿ ಹೊನ್ನಾಳಿಯ ಹೊಳೆ ದಂಡೆಗೆ.

ಹೊರಡುವ ಮುಂಚೆ ಪ್ರತಿ ಸಲವೂ ಅವನದು ಅದೇ ಮಾತು. “ಫೋನು ಇಲ್ಲೇ ಚಾರ್ಜಿಗೆ ಹಾಕಿ ಬಾ ಗಂಗೂ. ಎರಡು ತಾಸು ನಾವಿಬ್ರೇ ಇರಾಣ.”

ಎಂಥಾ ಮಾತು! ಅವಳ ಎದೆ ತುಂಬಿ ಬರುತ್ತಿತ್ತು. ಫೋನಿನ ಅಂಗಡಿ ಇಟ್ಟವನೇ ಫೋನು ಬೇಡ ಅನ್ನುತ್ತಾನಲ್ಲ...

“ನಮ್ಮೆಜಮಾನ್ರು ಉಣ್ಣಾಕೆ ಕುಂತ್ರೂ ಫೋನ್ ಬಿಡಲ್ಲ ಕಣೇ,” ಎಂದು ನಾಗರತ್ನ ನಿಟ್ಟುಸಿರಿಟ್ಟಿದ್ದಳು. “ನಿನ್ನೋನು ನೋಡು! ಪುಣ್ಯ ಮಾಡಿದ್ದೆ ನೀನು.”

ಮಳೆಗಾಲ ಕಳೆದ ಮೇಲಿನ ಒಂದು ಭಾನುವಾರ. ಕೆಂಚೇಶ ಸಂಬಂಧಿಕರ ಮದುವೆಗೆಂದು ಚನ್ನಗಿರಿ ಕಡೆಯ ನಲ್ಲೂರಿಗೆ ಹೋಗಿದ್ದ. ಅಂಗಡಿಗೆ ಬೀಗ. ಗಂಗೋತ್ರಿ ಒಬ್ಬಳೇ ಮೊದಲ ಸಲ ಹೊನ್ನಾಳಿಯ ಬಸ್ ಹತ್ತಿದಳು. ಫೋನು ಅವಳ ಬ್ಯಾಗಿನಲ್ಲೇ ಇತ್ತು.

ಅಲ್ಲಿ ನಿವೃತ್ತ ಶಾಲಾ ಮೇಡಂ ಕಸ್ತೂರಮ್ಮನವರ ಮನೆಯ ಪಡಸಾಲೆಯಲ್ಲಿ ಓದುಬಳಗ ಸೇರುತ್ತಿತ್ತು. ಎಂಟು ಹೆಂಗಸರು, ಒಂದು ಪುಸ್ತಕ, ಒಂದು ತಟ್ಟೆ ಮಂಡಕ್ಕಿ. ಮನೆಗೆ ಹೇಳಿದ್ದು ‘ಡ್ಯೂಟಿ’ ಎಂದು. ಓದುವುದಕ್ಕೂ ಸುಳ್ಳು ಹೇಳಬೇಕಾದ ಕಾಲ!

ಅವಳ ಸರದಿ ಬಂದು ಎರಡು ಪುಟ ಓದಿರಬೇಕು, ಬಾಗಿಲಲ್ಲಿ ನೆರಳು ಬಿತ್ತು.

ಗುರುಸ್ವಾಮಿ!

ಅವಳ ಕೈಯಿಂದ ಪುಸ್ತಕ ಜಾರಿತು. ‘ಇವನು ಇಲ್ಲಿಗೆ ಹೆಂಗೆ?’

“ಡ್ಯೂಟಿ ಅಂದ್ಯಲ್ಲ ತಂಗೀ? ಇಲ್ಲಿ ಯಾರ್ ರಕ್ತ ತೆಗೀತಿದ್ದೀಯ?”

“ಒಳಗೆ ಬಾರಪ್ಪ, ನೀರು ಕುಡಿ ಮೊದ್ಲು,” ಎಂದರು ಕಸ್ತೂರಮ್ಮ.

“ನೀರು ಬ್ಯಾಡ್ರಿ. ಪಂಪ್‌ಸೆಟ್ ರಿಪೇರಿಗೆ ದಾವಣಗೆರೆಗೆ ಬಂದಿದ್ದೆ. ನೋಡ್ತೀನಿ, ಇವಳು ಹೊನ್ನಾಳಿಯಾಗೆ ಅದಾಳೆ!” ಅವನು ತನ್ನ ಫೋನನ್ನು ಅವಳ ಮುಖಕ್ಕೆ ಹಿಡಿದ.

ತೆರೆಯ ಮೇಲೆ ಊರಿನ ನಕ್ಷೆ. ಅದರ ನಡುವೆ ಒಂದು ನೀಲಿ ಚುಕ್ಕಿ. ಚುಕ್ಕಿಯ ಮೇಲೆ ಅವಳದೇ ಫೋಟೋ. ಮೇಲ್ಗಡೆ ಆ್ಯಪಿನ ಹೆಸರು, ‘ಮನೆಕಣ್ಣು’.

“ಒಂಬತ್ತು ತಿಂಗಳಿಂದ ನೋಡ್ತಿದೀನಿ. ವಾರಕ್ಕೊಂದ್ಸಲ ಎರಡೆರಡು ತಾಸು ಮೊಬೈಲ್ ಅಂಗಡಿಯಾಗೇ ಇರ್ತೀಯ. ಫೋನು ಅಷ್ಟೊಂದು ಕೆಡ್ತೈತಾ ಅಂತ ಅನ್ಕಂಡಿದ್ದೆ...”

ಎರಡೆರಡು ತಾಸು. ಅಂಗಡಿಯಲ್ಲಿ...

ಚಾರ್ಜಿಗೆ ಹಾಕಿ ಬಾ ಗಂಗೂ!

ಉತ್ತರ ಗೊತ್ತಿದ್ದೂ ಕೇಳಿದಳು. “ಅಣ್ಣ... ಇದನ್ನ ನನ್ ಫೋನಿಗೆ ಹಾಕಿದ್ದು ಯಾರು?”

“ಇನ್ಯಾರು, ಆ ಅಂಗಡಿ ಕೆಂಚೇಶನೇ. ಹೆಣ್ಮಕ್ಕಳ ಫೋನಿಗೆ ಎಲ್ಲಾರೂ ಹಾಕಿಸ್ತಾರೆ. ಕಾಲ ಸರಿಯಿಲ್ಲ.” ಅವನು ಮೆಟ್ಟಿಲಿಳಿಯುತ್ತ ತಿರುಗಿದ. “ಮುಂದಿನ ಭಾನುವಾರ ಬರ್ತೀನಿ. ಕೆಲಸ ಸಾಕು. ಗಂಟುಮೂಟೆ ಕಟ್ಟಿಟ್ಕಂಡಿರು.”

ಅಣ್ಣ ಕಾವಲು ಹಾಕಿದ್ದು ನೋವಾಯಿತು. ಆದರೆ ಅದು ಹಳೆಯ ನೋವು. ಮೈನೆರೆದ ದಿನದಿಂದ ಅಭ್ಯಾಸವಾದದ್ದು. ಇದು ಬೇರೆ. ಇದಕ್ಕೆ ಅವಳ ಬಳಿ ಹೆಸರೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯ ಶಟರ್ ಮೇಲೇರುವಾಗಲೇ ಅವಳು ಎದುರಿಗೆ ನಿಂತಿದ್ದಳು.

“ಮದುವೆ ಊಟ ಹೆಂಗಿತ್ತು?”

“ಬಾ ಬಾ! ನಿಂಗಂತ ಹೋಳಿಗೆ...” ಎಂದವನು ಅವಳ ಮುಖ ನೋಡಿ ನಿಂತ.

“ಮನೆಕಣ್ಣು,” ಎಂದಳು. ಒಂದೇ ಪದ.

ಕೆಂಚೇಶ ಹೋಳಿಗೆಯ ಪೊಟ್ಟಣವನ್ನು ಕೌಂಟರ್ ಮೇಲಿಟ್ಟ. ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಸುಲಭವಾಗುತ್ತಿತ್ತೇನೋ.

“ನಿಮ್ಮಣ್ಣ ಹಾಕು ಅಂದ್ರು, ಹಾಕ್ದೆ. ಆವಾಗ ನೀನು ಯಾರು ಅಂತ್ಲೇ ಗೊತ್ತಿರ್ಲಿಲ್ಲ.”

“ಗೊತ್ತಾದ್ಮೇಲೆ?”

ಅವನು ಪೊಟ್ಟಣದ ದಾರ ಬಿಚ್ಚಿ ಮತ್ತೆ ಕಟ್ಟಿದ.

“ಹೊಳೆ ದಂಡೆಯಾಗೆ ನನ್ ಕೈ ಹಿಡ್ಕಂಡಾಗ? ಆವಾಗ್ಲೂ ಗೊತ್ತಿರ್ಲಿಲ್ವಾ?”

“ಹೇಳ್ಬೇಕು ಅಂತ ಪ್ರತಿ ವಾರ ಅನ್ಕಂತಿದ್ದೆ ಗಂಗೂ... ಹೇಳಿದ್ರೆ ಹೋಗ್ಬಿಡ್ತೀಯ ಅಂತ ಭಯ ಆಗೋದು.”

“ಅದಕ್ಕೆ ಫೋನು ಚಾರ್ಜಿಗೆ ಹಾಕಿಸ್ದೆ!” ಅವಳ ದನಿ ಒಡೆಯಿತು. “ನಾನು ಅದನ್ನ ಪ್ರೀತಿ ಅನ್ಕಂಡಿದ್ದೆ. ಎಲ್ಲಾರ ಹತ್ರ ಹೇಳ್ಕಂಡು ಮೆರೆದಿದ್ದೆ! ನಿನ್ನಾಗೆ ನನಗೆ ತುಂಬಾ ಇಷ್ಟ ಆಗಿದ್ದೇ ಅದೊಂದು ಮಾತು... ಅದೇ ಮೋಸ.”

ಕೆಂಚೇಶ ತಲೆ ತಗ್ಗಿಸಿದ.

“ಅದ್ರಾಗೆ ಇನ್ನೇನೇನು ಕಾಣ್ತೈತೆ? ಮೆಸೇಜು? ಫೋಟೋ?”

“ನಿಮ್ಮಣ್ಣಂಗೆ ಜಾಗ ಅಷ್ಟೇ ಕಾಣಾದು. ಆ್ಯಪ್ ಮಾಡಿದೋರಿಗೆ... ಗೊತ್ತಿಲ್ಲ. ಮೈಕು, ಫೋಟೋ, ನಂಬರು ಎಲ್ಲಾ ಕೇಳ್ತು. ನಾನು ಓದ್ಲಿಲ್ಲ. ಎಲ್ಲದಕ್ಕೂ ‘ಅಲೋ’ ಅಂತ ಒಪ್ಪಿಗೆ ಒತ್ತಿದೆ.”

ಅಣ್ಣನಿಗಾದರೂ ಒಂದು ಮುಖವಿದೆ, ಎದುರು ನಿಂತು ಬೈಯಬಹುದು. ಅವಳ ಒಂಬತ್ತು ತಿಂಗಳ ಮಾತು, ನಗು, ಸ್ನಾನ ಮುಗಿಸಿ ಕನ್ನಡಿಯೆದುರು ತೆಗೆದುಕೊಂಡ ಫೋಟೋ... ಅವೆಲ್ಲ ಯಾವ ಊರಿನ ಯಾವ ಯಂತ್ರದಲ್ಲಿ ಕೂತಿವೆಯೋ! ಯಾರು ಉತ್ತರ ಹೇಳುತ್ತಾರೆ? ಒತ್ತಿದ ಬೆರಳಿಗೇ ಗೊತ್ತಿಲ್ಲ!

“ಇಂಥವು ಎಷ್ಟು ಜನಕ್ಕೆ ಹಾಕಿದ್ದೀಯ?”

“ನಲವತ್ತರ ಮೇಲೆ ಇರ್ಬೋದು... ಕೊಡು ಗಂಗೂ, ಈಗ್ಲೇ ತೆಗೆದ್ಬಿಡ್ತೀನಿ.”

“ಮುಟ್ಟಬ್ಯಾಡ!”

ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಅವಳು ಒಂಬತ್ತು ಚುಕ್ಕಿಯ ಒಂದು ಚೀಟಿ ಎಳೆದುಕೊಂಡು ಹಿಂಬದಿ ತಿರುವಿದಳು. “ಹೆಂಗೆ ತೆಗೆಯಾದು ಅಂತ ಬಾಯಲ್ಲಿ ಹೇಳು. ಬರ್ಕಂತೀನಿ. ಇವತ್ತು ತೆಗೆಯಲ್ಲ. ಕದ್ದು ಹಾಕಿದ್ದನ್ನ ನಾನು ಕದ್ದು ತೆಗೆಯಲ್ಲ. ಅಣ್ಣನ ಎದುರಿಗೇ ತೆಗೀತೀನಿ.”

ಅವನು ಹೇಳಿದ. ಅವಳು ಬರೆದುಕೊಂಡಳು. ಹೋಳಿಗೆ ಅಲ್ಲೇ ಉಳಿಯಿತು.

ಆ ರಾತ್ರಿ ಅತ್ತಳು. ಬೆಳಿಗ್ಗೆ ಮುಖ ತೊಳೆದು ಲ್ಯಾಬಿಗೆ ಹೋಗಿ ಮೊದಲು ನಾಗರತ್ನಳ ಫೋನು ತೆಗೆಸಿದಳು. ಚೀಟಿ ನೋಡುತ್ತ ಸೆಟ್ಟಿಂಗ್ಸಿಗೆ ಹೋಗಿ, ಆ್ಯಪುಗಳ ಉದ್ದ ಪಟ್ಟಿಯಲ್ಲಿ ಕೆಳಗಿಳಿಯುತ್ತ ಹೋದರೆ... ಅಲ್ಲೂ ಇತ್ತು!

“ಅಯ್ಯೋ, ನನ್ ಗಂಡನೂ!” ನಾಗರತ್ನ ನೆಲಕ್ಕೇ ಕುಸಿದಳು. “ಅದಕ್ಕೇನೇ ಅವರು ಉಣ್ಣಾವಾಗ್ಲೂ ಫೋನ್ ನೋಡಾದು... ನಾನು ಹಗಲೆಲ್ಲಾ ಎಲ್ಲಿದ್ದೆ ಅಂತ!”

ಕಸ ಗುಡಿಸುವ ದುರುಗಕ್ಕ ಪೊರಕೆ ಬಿಟ್ಟು ಬಂದಳು. “ನಂದ್ರಾಗೂ ನೋಡವ್ವ.”

ನೋಡಿದರು. ಇರಲಿಲ್ಲ.

“ನನ್ನ ನೋಡೋರು ಯಾರೂ ಇಲ್ವಾ? ಅಷ್ಟೂ ಅದೃಷ್ಟ ಇಲ್ಲ ಬಿಡು!” ಎಂದಳು ದುರುಗಕ್ಕ. ಅಳುತ್ತಿದ್ದ ಇಬ್ಬರೂ ನಕ್ಕರು. ನಕ್ಕು ಮತ್ತೆ ಅತ್ತರು.

ವಾರ ಕಳೆಯುವಷ್ಟರಲ್ಲಿ ಹನ್ನೊಂದು ಫೋನುಗಳಲ್ಲಿ ಸಿಕ್ಕಿತು. ಹೊಲಿಗೆಯವಳು, ಕಾಲೇಜಿನ ಹುಡುಗಿ, ಎರಡು ಮಕ್ಕಳ ತಾಯಿ. ಕೇಳಿದಾಗ ಮನೆಯವರು ಎಲ್ಲರಿಗೂ ಹೇಳಿದ್ದು ಒಂದೇ ಮಾತು, ‘ನಿನ್ನ ಒಳ್ಳೇದಕ್ಕೆ’. ಕಾಳಜಿಯಿದ್ದವರು ಬಾಗಿಲು ತಟ್ಟಿ ಒಳಗೆ ಬರುತ್ತಾರೆ. ಗೋಡೆಗೆ ತೂತು ಕೊರೆಯುವುದಿಲ್ಲ!

ಭಾನುವಾರ ಬಂತು. ಗುರುಸ್ವಾಮಿ ಬೈಕ್ ನಿಲ್ಲಿಸಿ ಫೋನ್ ನೋಡಿದ. ನೀಲಿ ಚುಕ್ಕಿ ರೂಮಿನಲ್ಲಿರಲಿಲ್ಲ, ಮೊಬೈಲ್ ಅಂಗಡಿಯಲ್ಲಿತ್ತು.

ಅಂಗಡಿಯ ಮುಂದೆ ಜನವೋ ಜನ. ಶಟರಿಗೆ ಕೆಂಚೇಶನ ಕೈಬರಹದ ರಟ್ಟು ಅಂಟಿಸಿತ್ತು: ‘ಮನೆಯವರು ಹೇಳಿದರೆಂದು ಹೆಣ್ಣುಮಕ್ಕಳ ಫೋನಿಗೆ ಅವರಿಗೆ ಹೇಳದೆ ಆ್ಯಪ್ ಹಾಕಿದ್ದೇನೆ. ತಪ್ಪು ನನ್ನದು. ತನ್ನಿ, ನಿಮ್ಮ ಕೈಯಿಂದಲೇ ತೆಗೆಸುತ್ತೇನೆ. ಕೆಂಚೇಶ.’

ಅದನ್ನು ಹಾಕೆಂದು ಗಂಗೋತ್ರಿ ಹೇಳಿರಲಿಲ್ಲ. ಆರು ದಿನ ಅವಳು ಅವನ ಮುಖವನ್ನೇ ನೋಡಿರಲಿಲ್ಲ. ಬಂದವಳು ಅದನ್ನು ಎರಡು ಸಲ ಓದಿದಳು. ಆದರೂ ದೂರವೇ ನಿಂತಳು.

“ನಮ್ ಮನೆ ಹೆಣ್ಮಕ್ಕಳ ಫೋನು, ನಮ್ಮಿಷ್ಟ! ನೀನ್ಯಾವನಲೇ ಕೇಳಾಕೆ?” ಎಂದು ಕೂಗಾಡುತ್ತಿದ್ದವರು ಕಿರಾಣಿ ಅಂಗಡಿಯ ತಿಪ್ಪೇಶಪ್ಪ. “ಇನ್ಮೇಲೆ ನಿನ್ ಅಂಗಡಿಗೆ ಯಾರ್ ಬರ್ತಾರೆ ನೋಡ್ತೀನಿ!”

“ಬರದಿದ್ರೆ ಬ್ಯಾಡ್ರಿ ಯಜಮಾನ್ರೇ,” ಎಂದ ಕೆಂಚೇಶ. ಅವನ ಎರಡೂ ಕೈ ಬೆನ್ನ ಹಿಂದಿದ್ದವು. ಒಂದು ಫೋನನ್ನೂ ಮುಟ್ಟುತ್ತಿರಲಿಲ್ಲ. “ನಮ್ ಕೇರಿ ಜನ ಯಾರ ಕಟ್ಟೆ ಮೇಲೆ ಕುಂತ್ರು, ಯಾವ ಬೀದಿಯಾಗೆ ಹೋದ್ರು ಅಂತ ಊರೆಲ್ಲಾ ಕಾಯ್ತಿತ್ತು ಅಂತ ನಮ್ಮವ್ವ ಹೇಳೋಳು. ಆ ಕಾವಲಿನ ನೋವು ಉಂಡ ಮನೆಯೋನು ನಾನು. ಅದನ್ನೇ ಈ ಹೆಣ್ಮಕ್ಕಳಿಗೆ ಮಾಡ್ದೆ. ಇನ್ನೊಂದ್ಸಲ ಮಾಡಲ್ಲ.”

ಗಂಗೋತ್ರಿ ಗುಂಪು ಸರಿಸಿಕೊಂಡು ಅಣ್ಣನ ಎದುರಿಗೆ ಬಂದಳು. ತನ್ನ ಫೋನು ತೆರೆದಳು. ಅವನು ನೋಡುತ್ತಿದ್ದಂತೆಯೇ ಒಂದೊಂದಾಗಿ ಒತ್ತುತ್ತ ಹೋದಳು. ಗುರುಸ್ವಾಮಿಯ ತೆರೆಯ ಮೇಲಿನ ನೀಲಿ ಚುಕ್ಕಿ ಬೂದು ಬಣ್ಣಕ್ಕೆ ತಿರುಗಿತು. ಮಾಯವಾಯಿತು.

“ಅಣ್ಣ, ಈಗ ಕೇಳು. ನಾನು ಎಲ್ಲಿದೀನಿ?”

“ಎದುರಿಗೇ ಇದ್ದೀಯಲ್ಲ...”

“ಹಿಂಗೇ ಕೇಳು. ನಿಜ ಹೇಳ್ತೀನಿ. ಭಾನುವಾರ ಓದಾಕೆ ಹೊನ್ನಾಳಿಗೆ ಹೋಗ್ತೀನಿ. ಕೆಲಸ ಬಿಡಲ್ಲ. ಆ ಎರಡೆರಡು ತಾಸು ನಾನು ಅಂಗಡಿಯಾಗೆ ಇರ್ಲಿಲ್ಲ, ಇವನ ಜೊತೆ ಹೊಳೆ ದಂಡೆಯಾಗೆ ಇದ್ದೆ. ನಿನ್ನ ಆ್ಯಪು ನಿನಗೂ ಸುಳ್ಳೇ ಹೇಳ್ತು ಅಣ್ಣ.”

ಗುರುಸ್ವಾಮಿಯ ಕೈ ಮೇಲೆದ್ದಿತು. ಸುತ್ತ ನಿಂತ ಅಷ್ಟೂ ಹೆಂಗಸರು ಅವನನ್ನೇ ನೋಡುತ್ತಿದ್ದರು. ಎತ್ತಿದ ಕೈಯಲ್ಲಿ ಮುಖ ಒರೆಸಿಕೊಂಡ. ಬೈಕಿನವರೆಗೆ ಹೋಗಿ, ಒಂದು ಗಳಿಗೆ ನಿಂತ.

“ಅವ್ವಂಗೆ ನೀನೇ ಹೇಳು. ನನ್ ಕೈಯಾಗೆ ಆಗಲ್ಲ.”

ಬೈಕು ಹೋಯಿತು. ಗಂಟುಮೂಟೆಯ ಮಾತು ಅವನು ಎತ್ತಲೇ ಇಲ್ಲ.

ಸಂಜೆಗೆ ಜನ ಕರಗಿದರು. ಕೌಂಟರಿನ ಆಚೆ ಅವನು, ಈಚೆ ಅವಳು.

“ಕ್ಷಮಿಸಿದ್ಯಾ ಗಂಗೂ?”

“ಇಲ್ಲ.”

“ಹೂಂ...”

“ನೀನು ಹೇಳಿದ್ದೆಲ್ಲಾ ಇನ್ಮೇಲೆ ಎರಡ್ಸಲ ತಿರುವಿ ನೋಡ್ತೀನಿ. ಅಂಥಾ ಹೆಣ್ಣಿನ ಜೊತೆ ಬಾಳಾಕೆ ಆಗ್ತೈತಾ ನಿನ್ ಕೈಲಿ?”

ಕೆಂಚೇಶನ ಕಣ್ಣು ತುಂಬಿತು. “ಪ್ರೀತಿ ಅಂತ ಹೇಳಾಕಿಂತ ಮುಂಚೆ ಆ ಆ್ಯಪಿನ ಮಾತು ಹೇಳ್ಬೇಕಿತ್ತು. ಹೇಳ್ಲಿಲ್ಲ. ಎರಡ್ಸಲ ಅಲ್ಲ, ಹತ್ಸಲ ನೋಡು. ನಾನು ಇಲ್ಲೇ ಇರ್ತೀನಿ.”

ಅವಳು ಫೋನನ್ನು ಕೌಂಟರ್ ಮೇಲಿಟ್ಟಳು. “ಲಾಕ್ ಬದಲಾಯಿಸ್ಬೇಕು.”

ಅಭ್ಯಾಸಬಲದಿಂದ ಅವನ ಕೈ ಒಂಬತ್ತು ಚುಕ್ಕಿಯ ಚೀಟಿಗಳ ಕಟ್ಟಿಗೆ ಹೋಯಿತು. ನಿಂತಿತು. ಕಟ್ಟನ್ನೆಲ್ಲ ಎತ್ತಿ ಕಸದ ಡಬ್ಬಿಗೆ ಹಾಕಿ, ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟ.

ಗಂಗೋತ್ರಿ ಫೋನಿನ ಮೇಲೇ ಹೊಸ ಗೆರೆ ಎಳೆದಳು. ಈ ಸಲ ಎಡಗೈ ಅಡ್ಡ ಹಿಡಿಯಲಿಲ್ಲ.

“ಆತಾ?” ಎಂದ ಅವನು ಗೋಡೆಗೆ.

“ಇನ್ನೂ ಇಲ್ಲ. ತಿರುಗಬ್ಯಾಡ.” ಆಗಿತ್ತು. ಅವನ ಬೆನ್ನನ್ನು ಇನ್ನಷ್ಟು ಹೊತ್ತು ನೋಡಬೇಕಿತ್ತು, ಅಷ್ಟೇ. “ಕೆಂಚೇಶ...”

“ಹೂಂ?”

“ಹೊಳೆ ಕಡೆ ಹೋಗಾಣ?”

“ಫೋನು?”

“ಜೊತೆಗೇ ತರ್ತೀನಿ.”